ಪರೀಕ್ಷೆಗೂ ಮುಯ್ಯಾಳು

ದೊಡ್ಡವರಿಗೆ ಅಕ್ಷರ ಕಲಿಸಲು ಸರ್ಕಾರ ದುಡ್ಡು ಕೊಡುತ್ತದೆ ಎಂದರೆ ಜನ ನಂಬುತ್ತಾರೆ. ಆ ದುಡ್ಡು ಯಾವಾಗ ಬರುತ್ತದೆ, ಯಾವುದಕ್ಕೆ ಬರುತ್ತದೆ, ಯಾರ ಪಾಲಿಗೆ ಎಷ್ಟು ಎಂದು ಹೇಗೆ ತೀರ್ಮಾನವಾಗುತ್ತದೆ ಎಂದು ಹೇಳಹೊರಟರೆ ಮಾತ್ರ "ಕಥೆ ಹೊಡೀಬೇಡಿ ಮೇಷ್ಟ್ರೆ" ಅನ್ನುತ್ತಾರೆ. ನಾನು ಕಥೆ ಹೊಡೆಯುವವನಲ್ಲ. ಹೊಡೆಯುವ ಅಗತ್ಯವೇ ಬೀಳದಷ್ಟು ಪ್ರಸಂಗಗಳು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ವಾರಕ್ಕೊಂದರಂತೆ ತಾವಾಗಿಯೇ ನಡೆಯುತ್ತಿದ್ದವು.

ಎರಡು ಸಾವಿರದ ಐದಾರನೇ ಇಸವಿಯ ಸುಮಾರಿನ ಮಾತು. ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು. ಮಕ್ಕಳಿಗೆ ಪಾಠ ಹೇಳಿಕೊಂಡು ಸುಖವಾಗಿದ್ದವನನ್ನು ನಿಯೋಜನೆ ಎಂಬ ಹೆಸರಿನಲ್ಲಿ ಎತ್ತಿ ವಯಸ್ಕರ ಶಿಕ್ಷಣಕ್ಕೆ ಹಾಕಿದರು. ಮೂರು ತಾಲ್ಲೂಕಿಗೂ ನಾನೊಬ್ಬನೇ. ಕೊಪ್ಪದಲ್ಲಿ ಒಂದು ಕೋಣೆ, ಕೋಣೆಯಲ್ಲಿ ಒಂದು ಮೇಜು, ಮೇಜಿನ ಒಂದು ಕಾಲಿನ ಕೆಳಗೆ ಹಳೇ ಸುತ್ತೋಲೆಗಳ ಕಟ್ಟು. ಆ ಸುತ್ತೋಲೆಗಳಿಂದ ಆದ ಪ್ರಯೋಜನ ನನಗೆ ಗೊತ್ತಿರುವಂತೆ ಅದೊಂದೇ.

ಊರೂರಿನಲ್ಲಿ ಸಂಜೆ ಹೊತ್ತು ನಡೆಯುವ ಕಲಿಕಾ ಕೇಂದ್ರಗಳಿದ್ದವು. ಪಾಠ ಹೇಳುವವರಿಗೆ ಪ್ರೇರಕರು ಎಂದು ಹೆಸರು. ಪ್ರತಿವರ್ಷ ಜಿಲ್ಲಾ ಕೇಂದ್ರದಲ್ಲಿ ಒಂದು ಸಭೆ ಕೂತು, ಯಾವ ಕೇಂದ್ರಕ್ಕೆ ದುಡ್ಡು, ಯಾವ ಕೇಂದ್ರಕ್ಕೆ ಬೀಗ ಎಂದು ನಿರ್ಧರಿಸುತ್ತಿತ್ತು. ಆ ವರ್ಷ ಬೀಗದ ಭಯ ಇದ್ದದ್ದು ಶೃಂಗೇರಿ ತಾಲ್ಲೂಕಿನ ಬೇಗಾರ್ ಕೇಂದ್ರಕ್ಕೆ. ನನಗೆ ಹೆಚ್ಚು ಚಿಂತೆಯಾದದ್ದು ಅಲ್ಲಿ ಕಲಿಯುತ್ತಿದ್ದ ಒಬ್ಬಾಕೆಯದು. ಆಕೆ ಶಾಲೆಯ ಬಿಸಿಯೂಟದ ಅಡುಗೆ ಸಹಾಯಕಿ. ಮುಖ್ಯ ಅಡುಗೆಯವರು ಮುಂದಿನ ವರ್ಷದ ಜೂನ್‌ಗೆ ಕೆಲಸ ಬಿಡುವವರಿದ್ದರು. ಆ ಜಾಗ ಈಕೆಗೇ ಎಂದು ಹೆಡ್‌ಮೇಷ್ಟ್ರು ಮಾತು ಕೊಟ್ಟಿದ್ದರು, ಒಂದು ಷರತ್ತಿನ ಮೇಲೆ. ದಿನಾ ಎಷ್ಟು ಅಕ್ಕಿ ತೆಗೆದೆ, ಎಷ್ಟು ಬೇಳೆ ಹಾಕಿದೆ ಎಂದು ತಾನೇ ಬರೆದಿಡಲು ಬರಬೇಕು.

"ಒಲೆ ಮುಂದಿನ ಕೆಲಸ ಎಲ್ಲ ನಂಗೆ ಬರ್ತದೆ ಮೇಷ್ಟ್ರೆ. ಪೆನ್ನು ಹಿಡ್ದ್ರೆ ಮಾತ್ರ ಕೈ ನಡುಗ್ತದೆ," ಎಂದಿದ್ದಳು ಆಕೆ. "ಜೂನ್‌ ಒಳಗೆ ಕಲಿಸ್ಬಿಡಿ."

ನಾನು ಧಾರಾಳವಾಗಿ ಆಗಲಿ ಅಂದುಬಿಟ್ಟೆ. ಧಾರಾಳವಾಗಿ ಕೊಡಲು ನನ್ನ ಹತ್ತಿರ ಇದ್ದದ್ದು ಮಾತೊಂದೇ.

ಮುತ್ತಿನಕೊಪ್ಪದ ಎದುರಾಳಿ ತಂಡ

ಏಪ್ರಿಲ್‌ನಲ್ಲಿ ಮಂಜೂರಾದ ಅನುದಾನ ಎಲ್ಲೆಲ್ಲಿ ಛತ್ರದ ಊಟ ಮಾಡಿಕೊಂಡು ಬರುತ್ತಿತ್ತೋ ಗೊತ್ತಿಲ್ಲ, ನಮ್ಮ ಕೊಪ್ಪಕ್ಕೆ ಬಂದು ಮುಟ್ಟುವಾಗ ಮಾರ್ಚ್ ಕೊನೆಯ ವಾರ. ಮೂವತ್ತೊಂದರೊಳಗೆ ಖರ್ಚಾಗಬೇಕು. ಖರ್ಚಾಗದಿದ್ದರೆ ವಾಪಸು. ವಾಪಸು ಹೋದರೆ ಮುಂದಿನ ವರ್ಷ "ನಿಮಗೆ ದುಡ್ಡು ಬೇಡವೆಂದು ಕಾಣುತ್ತದೆ" ಎಂದು ಅರ್ಧ ಮಾಡುತ್ತಾರೆ.

ಖರ್ಚು ಮಾಡುವುದೇನು ಮಹಾ, ಮೂರು ತಾಲ್ಲೂಕಿನಲ್ಲಿ ಬೇಕಾದ್ದಕ್ಕೆ ಬರವೇ? ಆದರೆ ದುಡ್ಡು ಬರುವಾಗಲೇ ಯಾವುದಕ್ಕೆ ಎಂದು ಹಣೆಯಲ್ಲಿ ಬರೆಸಿಕೊಂಡು ಬರುತ್ತದೆ. ಬ್ರಹ್ಮ ಬರೆದದ್ದನ್ನಾದರೂ ತಿದ್ದಬಹುದು, ಇದನ್ನು ತಿದ್ದುವಂತಿಲ್ಲ. ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪ ಕೇಂದ್ರದವರು ಕೂರಲು ಚಾಪೆ ಕೇಳಿದ್ದರು. ಆ ವರ್ಷ ಬಂದದ್ದು ಕ್ರೀಡಾ ಸಾಮಗ್ರಿಗೆ. ನಾನು ಒಂದು ವಾಲಿಬಾಲು, ಒಂದು ನೆಟ್ಟು ತೆಗೆದುಕೊಂಡು ಬಸ್ಸು ಹತ್ತಿದೆ.

ಆ ಕೇಂದ್ರದಲ್ಲಿ ಕಲಿಯುತ್ತಿದ್ದವರೆಲ್ಲ ಗದ್ದೆ ತೋಟದ ಕೂಲಿಗೆ ಹೋಗುವ ಹೆಂಗಸರು. ಹಲವರಿಗೆ ಮೊಮ್ಮಕ್ಕಳಿದ್ದರು. ಅವರಲ್ಲೊಬ್ಬಾಕೆ ಚೆಂಡನ್ನು ಹಲಸಿನಕಾಯಿ ತಟ್ಟಿ ನೋಡುವ ಹಾಗೆ ತಟ್ಟಿ ನೋಡಿ, "ಇದ್ರಲ್ಲಿ ಎಂತ ಮಾಡೋದು ಮೇಷ್ಟ್ರೆ?" ಎಂದಳು.

"ಆಡೋದು."

"ಯಾರು?"

"ನೀವೇ."

ಅವರು ಎಷ್ಟು ನಕ್ಕರೆಂದರೆ ಅವತ್ತಿನ ಪಾಠ ಅಲ್ಲಿಗೇ ಮುಗಿಯಿತು.

ಹತ್ತು ದಿನ ಕಳೆದು ಜಿಲ್ಲಾ ಸಾಹೇಬರು ತನಿಖೆಗೆ ಬಂದರು. ಇವರೇ ನಮ್ಮ ಮೇಲಧಿಕಾರಿ. ಮೈಸೂರು ಪೇಟೆಯಲ್ಲಿ ಹುಟ್ಟಿ ಬೆಳೆದವರು, ಸೌಮ್ಯ ಸ್ವಭಾವ, ನಿಯಮದ ವಿಷಯದಲ್ಲಿ ಮಾತ್ರ ಕಬ್ಬಿಣ. ನಿವೃತ್ತಿಗೆ ಎರಡು ಮೂರು ವರ್ಷ ಬಾಕಿ ಇತ್ತು. ಅಷ್ಟರೊಳಗೆ ಯಾರೂ ತಮ್ಮ ಕಡೆ ಬೆರಳು ತೋರಿಸಬಾರದು ಎಂಬುದು ಅವರ ವ್ರತ.

"ಕ್ರೀಡಾ ಸಾಮಗ್ರಿ ಬಳಕೆಯಲ್ಲಿದೆಯೇ?" ಎಂದು ಕೇಳಿದರು.

"ದಿನಾ, ಬೆಳಿಗ್ಗೆಯಿಂದ ಸಂಜೆ ತನಕ," ಎಂದಳು ಚೆಂಡು ತಟ್ಟಿ ನೋಡಿದಾಕೆ.

ಸಾಹೇಬರ ಮುಖ ಅರಳಿತು. "ನೋಡೋಣ, ತೋರಿಸಿ."

ಆಕೆ ತನ್ನ ಮನೆಯ ಅಂಗಳಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಕಾಳುಮೆಣಸು ಹರವಿತ್ತು. ಸುತ್ತ ನಾಲ್ಕು ಗೂಟ ಹೊಡೆದು ವಾಲಿಬಾಲ್ ನೆಟ್ಟು ಕಟ್ಟಿದ್ದರು. ಒಳಗೊಂದು ಮಣೆ, ಮಣೆಯ ಪಕ್ಕದಲ್ಲಿ ಚೆಂಡು.

ಸಾಹೇಬರು ಬಹಳ ಹೊತ್ತು ನೋಡಿ ಕೇಳಿದರು, "ಎದುರಾಳಿ ತಂಡ?"

"ಕೋಳಿ ಸಾಹೇಬ್ರೆ. ನೆಟ್ಟು ಹಾರಿ ಬಂದ್ರೆ ಚೆಂಡಲ್ಲಿ ಹೊಡೀತೀವಿ. ಇವತ್ತಿನ ತನಕ ನಾವೇ ಗೆದ್ದಿರೋದು."

ಶೆಟ್ಟಿಕೊಪ್ಪದ ಕಣ್ಣು

ಶೆಟ್ಟಿಕೊಪ್ಪದ ಪ್ರೇರಕರು ನಿವೃತ್ತ ಪೋಸ್ಟ್‌ಮ್ಯಾನ್. ಅಲ್ಲಿಯ ತರಗತಿಯಲ್ಲಿ ಎಲ್ಲರಿಗೂ ಅಕ್ಷರ ಬರುತ್ತಿತ್ತು, ಆದರೆ ಯಾರಿಗೂ ಕಾಣುತ್ತಿರಲಿಲ್ಲ. ನಲವತ್ತು ದಾಟಿದ ಕಣ್ಣು, ಏನು ಮಾಡುವುದು? ಬಳಪಕ್ಕೆ ದುಡ್ಡಿತ್ತು, ಬೋರ್ಡಿಗೆ ದುಡ್ಡಿತ್ತು, ಕರೆಂಟು ಇದ್ದ ಊರಿಗೆ ಲಾಟೀನಿನ ಸೀಮೆಣ್ಣೆಗೂ ದುಡ್ಡಿತ್ತು. ಕನ್ನಡಕ ಎಂಬ ಪದಾರ್ಥ ಮಾತ್ರ ಖರ್ಚಿನ ಯಾವ ಶೀರ್ಷಿಕೆಯಲ್ಲೂ ಇರಲಿಲ್ಲ.

ಪೋಸ್ಟ್‌ಮ್ಯಾನ್ ಒಂದು ಉಪಾಯ ಮಾಡಿದ್ದರು. ತಮ್ಮದೇ ಕನ್ನಡಕವನ್ನು ತರಗತಿಯಲ್ಲಿ ಸುತ್ತ ಕಳಿಸುತ್ತಿದ್ದರು, ಕಾಗದ ಹಂಚಿದ ಹಾಗೆ. ಒಬ್ಬರು ಹಾಕಿಕೊಂಡು ಒಂದು ಸಾಲು ಓದಿ ಪಕ್ಕದವರಿಗೆ ಕೊಡುವುದು. ಕನ್ನಡಕ ಯಾರ ಮೂಗಿನ ಮೇಲಿದೆಯೋ ಅವರು ವಿದ್ಯಾವಂತರು, ಉಳಿದವರು ಸರದಿ ಕಾಯುವವರು.

ತನಿಖೆಯ ದಿನ ಸಾಹೇಬರು ಮುಂದಿನ ಸಾಲಿನ ಒಬ್ಬರಿಗೆ ಪುಸ್ತಕ ಕೊಟ್ಟು ಓದಿ ಎಂದರು.

"ಕನ್ನಡಕ ಆಚೆ ಮೂಲೆಯಲ್ಲಿದೆ, ಬರ್ಲಿ ತಡೀರಿ," ಎಂದರು ಅವರು.

ಕನ್ನಡಕ ಬಂತು, ಓದಾಯಿತು, ಸಾಹೇಬರಿಗೆ ಸಂತೋಷವಾಯಿತು. ಅಭಿಪ್ರಾಯ ಬರೆಯಲು ಜೇಬು ತಡಕಿದರೆ ಅವರ ಕನ್ನಡಕ ಇಲ್ಲ, ಆಫೀಸಿನ ಮೇಜಿನ ಮೇಲೆಯೇ ಉಳಿದಿತ್ತು. ಪೋಸ್ಟ್‌ಮ್ಯಾನ್ ತಮ್ಮದನ್ನೇ ಕೊಟ್ಟರು. ಸಾಹೇಬರು "ತರಗತಿ ಉತ್ತಮವಾಗಿ ನಡೆಯುತ್ತಿದೆ" ಎಂದು ಬರೆದು, ಕನ್ನಡಕ ಮಡಚಿ, ಅಭ್ಯಾಸಬಲದಿಂದ ಜೇಬಿಗಿಟ್ಟುಕೊಂಡು ಜೀಪು ಹತ್ತಿದರು. ಸಾಹೇಬರ ಜೇಬಿನಿಂದ ಕಿತ್ತುಕೊಳ್ಳುವುದು ಹೇಗೆ ಎಂದು ಪೋಸ್ಟ್‌ಮ್ಯಾನ್ ಸುಮ್ಮನಿದ್ದರು.

ಅವತ್ತಿನಿಂದ ಶೆಟ್ಟಿಕೊಪ್ಪದ ತರಗತಿ ಬಂದ್. ಮರುವಾರದ ವರದಿಯಲ್ಲಿ ಹಾಜರಾತಿ ಸೊನ್ನೆ. ಜಿಲ್ಲಾ ಕಚೇರಿಯಿಂದ ಬಿಸಿಬಿಸಿ ನೋಟೀಸು ಬಂತು. ತರಗತಿ ನಿಲ್ಲಿಸಿದ್ದಕ್ಕೆ ಕಾರಣ ಕೊಡಿ, ಇಲ್ಲವಾದರೆ ಅನುದಾನ ತಡೆಹಿಡಿಯಲಾಗುವುದು.

ಪೋಸ್ಟ್‌ಮ್ಯಾನ್ ಪಕ್ಕದ ಅಂಗಡಿಯವರ ಕೈಲಿ ಉತ್ತರ ಬರೆಸಿದರು: "ತಾವು ಈ ನೋಟೀಸನ್ನು ಬರೆಯುವಾಗ ಹಾಕಿಕೊಂಡಿದ್ದ ಕನ್ನಡಕ ನಮ್ಮದಾಗಿರುತ್ತದೆ. ದಯಮಾಡಿ ಕಳಿಸಿಕೊಟ್ಟರೆ ತರಗತಿಯನ್ನು ಕೂಡಲೇ ಆರಂಭಿಸಲಾಗುವುದು."

ಕನ್ನಡಕ ವಾಪಸು ಬಂತು. ಒಂಟಿಯಾಗಿ ಬರಲಿಲ್ಲ, ಜೊತೆಗೆ ಇನ್ನೂ ಹತ್ತಾರು ಬಂದವು. ಇದು ಯಾವ ಶೀರ್ಷಿಕೆ ಸಾರ್ ಎಂದು ನಾನು ಫೋನು ಮಾಡಿ ಕೇಳಿದೆ. ಸಾಹೇಬರು, "ನನ್ನ ಹೆಂಡತಿಯ ಶೀರ್ಷಿಕೆ, ಸುಮ್ಮನಿರಿ," ಎಂದು ಫೋನಿಟ್ಟರು.

ಸರ್ಕಾರಕ್ಕೆ ಎಷ್ಟು ಬೇಕು?

ಈ ಮನುಷ್ಯನ ಎದೆಯಲ್ಲಿ ಇಷ್ಟು ಕರುಣೆ ಇದೆ ಎಂದು ಗೊತ್ತಾದ ಮೇಲೆ ಬೇಗಾರ್ ಕೇಂದ್ರ ಉಳಿದೀತು ಎಂದು ನನಗೆ ಧೈರ್ಯ ಬಂತು. ಆದರೆ ಜೂನ್ ತಿಂಗಳಲ್ಲಿ ಹೊಸ ತನಿಖೆ ಶುರುವಾಯಿತು, ಅದು ವಯಸ್ಸಿನದು. ಹದಿನೈದರಿಂದ ಮೂವತ್ತೈದು ವರ್ಷದೊಳಗಿನವರ ತಲೆ ಎಣಿಸಿ ಮಾತ್ರ ದುಡ್ಡು. ಮೂವತ್ತೈದು ದಾಟಿದವರು ಬಂದು ಕಲಿಯಬಹುದು, ಬೇಡವೆನ್ನುವವರಿಲ್ಲ. ಆದರೆ ಲೆಕ್ಕಕ್ಕಿಲ್ಲ.

ಬೇಗಾರಿನ ಪ್ರೇರಕಿ ಆ ಊರಿಗೆ ಮದುವೆಯಾಗಿ ಬಂದ ಹುಡುಗಿ, ಪಿಯುಸಿ ಓದಿದವಳು. ಕಲಿಯಲು ಬರುವವರೆಲ್ಲ ಅವಳಿಗೆ ಅತ್ತೆಯೋ ಅಕ್ಕನೋ ಆಗಬೇಕಾದವರು. ಮುಖ ನೋಡಿ ವಯಸ್ಸು ಕೇಳುವ ಧೈರ್ಯ ಅವಳಿಗಿರಲಿಲ್ಲ. ಸಾಹೇಬರೇ ಕೇಳಲು ಕೂತರು.

ಮೊದಲು ಬಂದದ್ದು ಒಬ್ಬ ಅಜ್ಜಿ. ಆ ತರಗತಿಗೆ ಎಲ್ಲರಿಗಿಂತ ಮುಂಚೆ ಬರುವವಳು, ಎಲ್ಲರಿಗಿಂತ ಜೋರಾಗಿ ಕಾಗುಣಿತ ಹೇಳುವವಳು.

"ವಯಸ್ಸೆಷ್ಟಮ್ಮ?"

ಅಜ್ಜಿ ಸಾಹೇಬರ ಮುಖ ನೋಡಿ, "ಸರ್ಕಾರಕ್ಕೆ ಎಷ್ಟು ಬೇಕು?" ಎಂದಳು.

"ಸರ್ಕಾರಕ್ಕೆ ಮೂವತ್ತೈದರೊಳಗೆ ಬೇಕು."

"ಹಂಗಾದ್ರೆ ಮೂವತ್ನಾಲ್ಕು ಬರ್ಕೊಳ್ಳಿ."

ಸಾಹೇಬರು ನಗು ನುಂಗಿಕೊಂಡು, ಅವಳ ಹಿಂದೆ ನಿಂತವಳನ್ನು ತೋರಿಸಿ, "ಇವರು ಯಾರು?" ಎಂದರು.

"ನನ್ನ ಮಗಳು."

"ಇವರ ವಯಸ್ಸು?"

ಅಜ್ಜಿ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. "ಅವಳಿಗೂ ಮೂವತ್ನಾಲ್ಕೇ ಬರೀರಿ. ತಾಯಿ ಮಗಳಲ್ಲಿ ಭೇದ ಎಂತಕ್ಕೆ?"

ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ನಕ್ಕುಕೊಂಡೇ ಕೆಂಪು ಪೆನ್ನು ತೆಗೆದು ಅಜ್ಜಿಯ ಹೆಸರು ಹೊಡೆದು ಹಾಕಿದರು. ಹೀಗೆ ಹೊಡೆಯುತ್ತ ಹೋದರೆ ಉಳಿದವರು ಬೇಕಾದ್ದಕ್ಕಿಂತ ಕಡಿಮೆ. ಜುಲೈ ತಿಂಗಳ ಪರೀಕ್ಷೆಗೆ ಮೂವತ್ತು ಜನ ಕೂತರೆ ಕೇಂದ್ರ ಮುಂದುವರಿಯುತ್ತದೆ, ಕೂರದಿದ್ದರೆ ಅದರ ಪಾಲಿನ ದುಡ್ಡು ಬೇರೆ ಕಡೆ ಹೋಗುತ್ತದೆ, ಇದರಲ್ಲಿ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು ಸಾಹೇಬರು.

ಅಡುಗೆ ಸಹಾಯಕಿ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಳು. ಆಕೆಗೆ ವಯಸ್ಸಿನ ತೊಂದರೆ ಇರಲಿಲ್ಲ, ಆದರೆ ಬಾಗಿಲು ಮುಚ್ಚಿದ ಮೇಲೆ ಒಬ್ಬಳ ವಯಸ್ಸು ಸರಿಯಿದ್ದು ಏನು ಉಪಯೋಗ? ನನಗೆ ನಿಜವಾಗಿ ಬೇಜಾರಾಯಿತು. ಅಜ್ಜಿ ಮಾತ್ರ ಮಗಳಿಗೆ ಹೇಳುತ್ತಿದ್ದಳು, "ತಪ್ಪಾಯ್ತು ಕಣೆ. ನನಗೆ ಇಪ್ಪತ್ತೆಂಟು ಅಂತ ಹೇಳ್ಬೇಕಿತ್ತು."

ಪರೀಕ್ಷೆಯ ದಿನ

ಪರೀಕ್ಷೆಯ ತಾರೀಕು ಗೊತ್ತು ಮಾಡಿದವರು ಯಾರೋ, ಅವರು ಅನ್ನ ಉಂಡದ್ದು ಮಾತ್ರ ಖಂಡಿತ, ಗದ್ದೆ ನೋಡಿದವರಲ್ಲ. ಜುಲೈ ಭಾನುವಾರ ಎಂದರೆ ನಾಟಿಯ ಭರಾಟೆ. ನಮ್ಮ ಕಡೆ ನಾಟಿ ನಡೆಯುವುದು ಮುಯ್ಯಾಳಿನ ಮೇಲೆ. ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ಇದರಲ್ಲಿ ಕೂಲಿ ಇಲ್ಲ, ಕಾಗದ ಪತ್ರ ಇಲ್ಲ. ಆದರೆ ಸಾಲದ ದುಡ್ಡು ಮುಳುಗಿಸಿದವನಿಗೆ ಊರಲ್ಲಿ ಹೆಣ್ಣು ಸಿಕ್ಕೀತು, ಮುಯ್ಯಿ ತೀರಿಸದವನಿಗೆ ನೀರೂ ಸಿಗುವುದಿಲ್ಲ.

ಮೂವತ್ತು ಜನ ಕೂಡುವುದು ಎಲ್ಲಿಂದ ಬಂತು ಎಂದು ನಾನು ತಲೆ ಮೇಲೆ ಕೈಹೊತ್ತು ಬೇಗಾರಿಗೆ ಹೋದರೆ, ಶಾಲೆಯ ಅಂಗಳದಲ್ಲಿ ಐವತ್ತು ಜನ! ಮಳೆಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು, ಸೀರೆ ಎತ್ತಿ ಕಟ್ಟಿ, ಕೈಯಲ್ಲೊಂದು ಪೆನ್ಸಿಲ್ ಹಿಡಿದು ಸಾಲಾಗಿ ನಿಂತಿದ್ದಾರೆ. ಅಡುಗೆ ಸಹಾಯಕಿ ಅವರನ್ನೆಲ್ಲ ಒಳಗೆ ಕೂರಿಸುತ್ತಿದ್ದಳು. ಪರೀಕ್ಷೆ ನಡೆಸಲು ಬಂದಿದ್ದ ಸಾಹೇಬರಿಗೂ ಖುಷಿ. ಆದರೆ ಅವರಲ್ಲಿ ಅರ್ಧ ಜನರ ಮುಖ ನಾನು ಯಾವ ದಿನವೂ ತರಗತಿಯಲ್ಲಿ ಕಂಡಿರಲಿಲ್ಲ.

ಸಾಹೇಬರು ಎದುರಿಗೆ ಕೂತವಳನ್ನು ಕೇಳಿದರು, "ಎಷ್ಟು ದಿನದಿಂದ ಕಲಿಯುತ್ತಿದ್ದೀರಿ?"

"ನಾನು ಕಲಿಯೋದಿಲ್ಲ ಸಾಹೇಬ್ರೆ. ಮುಯ್ಯಾಳಿಗೆ ಬಂದಿದ್ದು."

"ಏನು ಹಾಗೆಂದರೆ?"

"ಇವತ್ತು ಇವ್ಳ ಪರೀಕ್ಷೆ," ಎಂದು ಆಕೆ ಅಡುಗೆ ಸಹಾಯಕಿಯನ್ನು ತೋರಿಸಿದಳು. "ಜನ ಸಾಲ್ದು ಅಂತ ಕರೆದ್ಳು, ಬಂದ್ವಿ. ನಾಳೆ ನಮ್ಮ ನಾಟಿಗೆ ಇವ್ಳು ಬರ್ತಾಳೆ."

ಹಿಂದಿನಿಂದ ನಾಲ್ಕಾರು ಜನ "ನಾವೂ ಮುಯ್ಯಾಳೇ" ಎಂದು ಕೈ ಎತ್ತಿದರು. ಅವರ ಮುಖದಲ್ಲಿ ಅಳುಕಿರಲಿಲ್ಲ, ಕರೆದ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಬಂದ ಸಮಾಧಾನ ಇತ್ತು. ಸಾಹೇಬರ ಮುಖ ಬಿಳಿಚಿತು. ಎರಡು ವರ್ಷದಲ್ಲಿ ನಿವೃತ್ತಿ, ಎದುರಿಗೆ ಸಾಮೂಹಿಕ ನಕಲು.

"ಬೇರೆಯವರ ಪರೀಕ್ಷೆ ಬರೆಯುವುದು ಅಪರಾಧ ಕಣ್ರಮ್ಮ!"

ಹೊಡೆದು ಹಾಕಿಸಿಕೊಂಡ ಅಜ್ಜಿಯೂ ಅಲ್ಲಿದ್ದಳು. "ಬೇರೆಯವರ ಗದ್ದೆ ನೆಡೋದು ಅಪರಾಧ ಆಗಿದ್ರೆ ಈ ಊರಲ್ಲಿ ಒಬ್ರೂ ಜೈಲಿನ ಹೊರಗಿರ್ತಿರ್ಲಿಲ್ಲ ಸಾಹೇಬ್ರೆ," ಎಂದಳು.

ಸಾಹೇಬರು ಮುಯ್ಯಾಳುಗಳನ್ನೆಲ್ಲ ಜಗಲಿಗೆ ಕಳಿಸಿದರು. ಅವರು ಜಗಲಿಗೆ ಹೋದರು, ಮನೆಗೆ ಹೋಗಲಿಲ್ಲ. ಮುಯ್ಯಾಳು ಎಂದರೆ ಸಂಜೆ ತನಕ. ಮಧ್ಯದಲ್ಲಿ ಎದ್ದು ಹೋದರೆ ದಿನದ ಲೆಕ್ಕ ಸಿಗುವುದಿಲ್ಲವಲ್ಲ! ಒಳಗೆ ಪರೀಕ್ಷೆ ನಡೆಯಿತು. ಹೊರಗೆ ಕೈ ಖಾಲಿ ಕೂತು ಗೊತ್ತಿಲ್ಲದ ಆ ಹೆಂಗಸರು ಬೇಜಾರಿಗೆ ಪುಸ್ತಕ ಎಳೆದುಕೊಂಡರು. ಪ್ರೇರಕಿ ಒಂದೊಂದೇ ಅಕ್ಷರ ತೋರಿಸಿ ಇದು ಅ, ಇದು ಆ ಎಂದು ಶುರು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಜಗಲಿಯಿಂದಲೇ ಹೆಚ್ಚು ಗಲಾಟೆ.

ಮುಯ್ಯಾಳಿಗೆ ಊಟ ಹಾಕುವುದು ಪದ್ಧತಿ. ಅಡುಗೆ ಸಹಾಯಕಿ ತನ್ನ ಮನೆಯಿಂದ ಅಕ್ಕಿ ತಂದು ಬೆಳಗಿನ ಜಾವವೇ ಐವತ್ತು ಜನಕ್ಕೂ ಅಡುಗೆ ಮಾಡಿದ್ದಳು. ಸಾಹೇಬರಿಗೂ ಬಾಳೆಲೆ ಹಾಕಿದಳು. ಅವರು ಬೇಡ ಎನ್ನುತ್ತ ಎರಡು ಸಲ ಸಾರು ಹಾಕಿಸಿಕೊಂಡರು. ಕೈ ತೊಳೆಯುವಾಗ ಆಕೆಗೆ, "ಜನ ಸಾಲಲಿಲ್ಲಮ್ಮ. ನಾನು ಸುಳ್ಳು ಬರೆಯಲಾರೆ," ಎಂದರು.

ಆಕೆ ಕಣ್ಣು ಒರೆಸಿಕೊಂಡು ಕೈಗೆ ನೀರು ಹಾಕಿದಳು. ಅಜ್ಜಿಗೆ ಮಾತ್ರ ಬೇರೆ ಲೆಕ್ಕ ಹೊಳೆದಿತ್ತು. "ನೀವೂ ಒಂದು ದಿನ ನಮ್ಮ ಕೆಲಸಕ್ಕೆ ಬಂದ್ರಿ, ನಮ್ಮಲ್ಲಿ ಉಂಡ್ರಿ. ನಿಮ್ಗೂ ನಾವು ಮುಯ್ಯಿ ಕೊಡ್ಬೇಕು. ನಿಮ್ಮ ಕೆಲಸ ಯಾವಾಗ ಇರೋದು?"

ಸಾಹೇಬರು ತಮಾಷೆ ಎಂದುಕೊಂಡು, "ಸೆಪ್ಟೆಂಬರಿನಲ್ಲಿ ಮೀಟಿಂಗ್ ಇದೆ, ಬನ್ನಿ," ಎಂದು ಜೀಪು ಹತ್ತಿದರು. ಮುಯ್ಯಿಯ ವಿಷಯದಲ್ಲಿ ನಮ್ಮವರು ತಮಾಷೆ ಮಾಡುವುದಿಲ್ಲ ಎಂದು ಪೇಟೆಯವರಿಗೆ ಹೇಗೆ ಗೊತ್ತಾಗಬೇಕು?

ಕೂರುವ ಕೆಲಸ

ಸೆಪ್ಟೆಂಬರಿನ ಸಭೆ. ಜಿಲ್ಲಾ ಕೇಂದ್ರದ ಹಾಲಿನಲ್ಲಿ ಉದ್ದ ಮೇಜು, ಒಂದಷ್ಟು ಅಧಿಕಾರಿಗಳು, ಹಿಂದೆ ಸಾಲುಸಾಲು ಖಾಲಿ ಕುರ್ಚಿ. ಕರಿಹಲಗೆಯ ಒಂದು ಪಕ್ಕ "ಮುಂದುವರಿಯುವ ಕೇಂದ್ರಗಳು", ಇನ್ನೊಂದು ಪಕ್ಕ "ಮುಚ್ಚುವ ಕೇಂದ್ರಗಳು" ಎಂದು ಬರೆದಿದ್ದರು. ಬೇಗಾರ್ ಇದ್ದದ್ದು ಈ ಎರಡನೆಯ ಪಕ್ಕದಲ್ಲಿ. ನಾನು ಆ ಕಡೆ ನೋಡದೆ ಕೂತಿದ್ದೆ.

ಅಧ್ಯಕ್ಷತೆ ವಹಿಸಿದ್ದ ದೊಡ್ಡ ಅಧಿಕಾರಿಗಳು ಮೊದಲನೇ ವಿಷಯ ಎತ್ತಿಕೊಂಡರು. "ನಮ್ಮ ಕಾರ್ಯಕ್ರಮದಲ್ಲಿ ಜನರ ಭಾಗವಹಿಸುವಿಕೆ ಏಕೆ ಇಷ್ಟು ಕಡಿಮೆ?"

ಆಗ ಬಾಗಿಲು ತೆರೆಯಿತು. ಬೇಗಾರಿನ ಹೆಂಗಸರು. ಪ್ರೇರಕಿಯಿಂದ ತಾರೀಕು ತಿಳಿದುಕೊಂಡು, ಮೊದಲನೇ ಬಸ್ಸು ಹತ್ತಿ, ಬುತ್ತಿ ಕಟ್ಟಿಕೊಂಡು ಇಪ್ಪತ್ತು ಜನ ಬಂದಿದ್ದರು. ಮುಂದೆ ಅಜ್ಜಿ.

"ಸಾಹೇಬ್ರೆ, ಬಂದ್ವಿ. ಎಂತ ಕೆಲಸ ಹೇಳಿ."

ಹೇಳುವ ತನಕ ಕಾಯುವ ಜನ ಅಲ್ಲ ಅವರು. ಒಬ್ಬಳು ಮೂಲೆಯಲ್ಲಿದ್ದ ಪೊರಕೆ ಹಿಡಿದಳು. ಇನ್ನೊಬ್ಬಳು ಅಧ್ಯಕ್ಷರ ಮುಂದಿದ್ದ ಫೈಲು ಎತ್ತಿ ಮೇಜು ಒರೆಸತೊಡಗಿದಳು. ಸಾಹೇಬರು ಬೆವರು ಒರೆಸಿಕೊಂಡು, "ಬೇಡ ಬೇಡ, ಕೂತ್ಕೊಳ್ಳಿ. ಇವತ್ತು ಇಲ್ಲಿ ಕೂರುವುದೇ ಕೆಲಸ," ಎಂದರು.

"ಸಂಜೆ ತನಕವಾ?"

"ಸಂಜೆ ತನಕ."

"ಮಾರಾಯ್ರೆ, ಇದಕ್ಕೆ ಸಂಬಳವೂ ಕೊಡ್ತಾರಾ?" ಎಂದಳು ಅಜ್ಜಿ. ಅಧ್ಯಕ್ಷರು ಕೆಮ್ಮಿ ನೀರು ಕುಡಿದರು.

ಕೂತರು. ಅಡುಗೆ ಸಹಾಯಕಿಗೆ ಎದುರಿಗೆ ಏನಾದರೂ ಬರೆದಿದ್ದರೆ ಓದದೆ ಇರಲು ಆಗುತ್ತಿರಲಿಲ್ಲ. ಮನಸ್ಸಿನಲ್ಲಿ ಓದುವುದು ಇನ್ನೂ ಬಂದಿರಲಿಲ್ಲ, ಬಾಯಿಬಿಟ್ಟೇ ಓದಬೇಕು. ಆ ನಿಶ್ಶಬ್ದದಲ್ಲಿ ಆಕೆಯ ದನಿ ಹಾಲಿಗೆಲ್ಲ ಕೇಳಿಸಿತು. "ಮು... ಚ್ಚು... ವ... ಕೇಂ... ದ್ರ... ಗಳು." ಸ್ವಲ್ಪ ತಡೆದಳು. "ಬೇ... ಗಾರ್."

ಓದಿದ ಮೇಲೆ ಅದರ ಅರ್ಥ ತಿಳಿಯಿತು. ತರಗತಿಯ ಹೊರಗೆ ಮೊದಲ ಸಲ ಒಂದು ಹಲಗೆ ಓದಿದವಳಿಗೆ ಸಿಕ್ಕಿದ್ದು ಈ ಸಾಲು.

ಅಧ್ಯಕ್ಷರು ಎದ್ದು ಕೂತರು. "ಇಷ್ಟು ಚೆನ್ನಾಗಿ ಓದಲು ಬರುತ್ತಲ್ಲಮ್ಮ. ಇನ್ನು ಕೇಂದ್ರ ಯಾಕೆ ಬೇಕು?"

ಆಕೆ ಎದ್ದು ನಿಂತಳು. "ಓದೋದು ಬಂತು ಸಾರ್. ಬರೆಯೋದು ಅರ್ಧ ಬಂದಿದೆ. ಅರ್ಧ ಗದ್ದೆ ನೆಟ್ಟು ಯಾರಾದ್ರೂ ಮನೆಗೆ ಹೋಗ್ತಾರಾ?"

ಆಕೆ ಹಿಂದೆ ತಿರುಗಿ ಕೆಲವರನ್ನು ತೋರಿಸಿದಳು. "ಇವರೆಲ್ಲ ಪರೀಕ್ಷೆ ದಿನ ಜಗಲಿಯಲ್ಲಿ ಕೂತವರು. ನಾನು ಇವರ ನಾಟಿಗೆಲ್ಲ ಹೋಗಿ ಬಂದೆ, ಮುಯ್ಯಿ ತೀರ್ತು. ಆದ್ರೆ ಇವರು ಸಂಜೆ ಬರೋದು ಬಿಡ್ಲಿಲ್ಲ. ಅವತ್ತು ಅರ್ಧ ಕಲ್ತ ಪಾಠ ಮುಗೀಲಿ ಅಂತಾರೆ. ಇವರಿಗೆಲ್ಲ ಇನ್ನೂ ಮೂವತ್ತೈದು ಆಗಿಲ್ಲ."

"ನಿಜವಾಗಿಯೂ ಆಗಿಲ್ಲ," ಎಂದಳು ಅಜ್ಜಿ. "ನನ್ನ ಹಂಗಲ್ಲ."

ನಮ್ಮ ಸಾಹೇಬರು ಎದ್ದರು. ನಿಯಮದ ಪುಸ್ತಕ ಬಾಯಿಪಾಠ ಇದ್ದ ಮನುಷ್ಯ, ಅವತ್ತು ಅದನ್ನು ಒಳ್ಳೆಯದಕ್ಕೆ ತಿರುಗಿಸಿದರು. ಹೊಸದಾಗಿ ಸೇರಿದವರಿದ್ದರೆ ಮರುಪರೀಕ್ಷೆಗೆ ಅವಕಾಶ ಇದೆ, ಅಲ್ಲಿಯವರೆಗೆ ಕೇಂದ್ರ ಮುಚ್ಚಬೇಕಾಗಿಲ್ಲ, ತಾವೇ ಹೋಗಿ ನಡೆಸುತ್ತೇನೆ ಎಂದರು. ಅಧ್ಯಕ್ಷರು ಹಲಗೆ ಕಡೆ ಕೈ ಮಾಡಿ, "ಆ ಹೆಸರು ಅಳಿಸಿ," ಎಂದರು.

ಡಸ್ಟರ್ ಹುಡುಕಿದರೆ ಇಡೀ ಹಾಲಿನಲ್ಲಿ ಡಸ್ಟರ್ ಇಲ್ಲ. ಬಹುಶಃ ಅದಕ್ಕೆ ಆ ವರ್ಷ ಶೀರ್ಷಿಕೆ ಇರಲಿಲ್ಲ. ಅಜ್ಜಿ ಎದ್ದು ಹೋಗಿ ಸೆರಗಿನಿಂದ ಹಲಗೆ ಒರೆಸಿದಳು. ಬೇಗಾರ್ ಒಂದನ್ನೇ ಅಲ್ಲ, ಆ ಪಕ್ಕದಲ್ಲಿದ್ದದ್ದನ್ನೆಲ್ಲ ಒರೆಸಿ, ಸೆರಗು ಕೊಡವಿಕೊಂಡು ಬಂದು ಕೂತಳು.

"ಅಂತೂ ಮಾಡ್ಲಿಕ್ಕೆ ಒಂದು ಕೆಲಸ ಸಿಕ್ತು," ಎಂದಳು.

ಸೊಟ್ಟ ಸಾಲು

ಮರುಪರೀಕ್ಷೆ ನಡೆಯಿತು, ಜನ ಸಾಕಾದರು, ಕೇಂದ್ರ ಉಳಿಯಿತು. ಮರುವರ್ಷ ಜೂನ್‌ನಲ್ಲಿ ಶಾಲೆ ಶುರುವಾದಾಗ ಅಡುಗೆ ಸಹಾಯಕಿ ಮುಖ್ಯ ಅಡುಗೆಯವಳಾದಳು. ಮೊದಲ ದಿನ ಎಷ್ಟು ಅಕ್ಕಿ ತೆಗೆದೆ ಎಂದು ಬರೆಯಲು ಆಕೆ ತೆಗೆದುಕೊಂಡ ಹೊತ್ತಿನಲ್ಲಿ ಅನ್ನ ಬೆಂದು ಆರಿತ್ತಂತೆ. ಮಕ್ಕಳು ಯಾರೂ ದೂರು ಹೇಳಲಿಲ್ಲ ಎಂದು ಹೆಡ್‌ಮೇಷ್ಟ್ರು ನನಗೆ ಹೇಳಿದರು.

ಜುಲೈ ಬಂತು. ಒಂದು ಭಾನುವಾರ ನಾನೂ ಸಾಹೇಬರೂ ಕೇಂದ್ರ ನೋಡಲು ಬೇಗಾರಿಗೆ ಹೋದರೆ ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಎಲ್ಲರೂ ಅಜ್ಜಿಯ ಗದ್ದೆಯಲ್ಲಿ. ಮುಖ್ಯ ಅಡುಗೆಯವಳು ಬದುವಿನ ಮೇಲೆ ನಿಂತು, ಯಾರ್ಯಾರು ಮುಯ್ಯಾಳಿಗೆ ಬಂದಿದ್ದಾರೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ತಲೆತಲಾಂತರದಿಂದ ಬಾಯಲ್ಲೇ ಇದ್ದ ಲೆಕ್ಕ. ಬರೆಯುವ ಅಗತ್ಯ ಯಾರಿಗೂ ಇರಲಿಲ್ಲ. 'ಬರೆಯಲು ಬರುತ್ತದಲ್ಲ' ಎಂಬ ಒಂದೇ ಕಾರಣಕ್ಕೆ ಆಕೆ ಬರೆಯುತ್ತಿದ್ದಳು.

ಅಜ್ಜಿ ನಡು ನೆಟ್ಟಗೆ ಮಾಡಿ ಸಾಹೇಬರನ್ನು ನೋಡಿದಳು. "ಬನ್ನಿ ಬನ್ನಿ. ನಮ್ಮ ಪರೀಕ್ಷೆಗೆ ನೀವು ಬಂದಿದ್ದು ಒಬ್ರು. ನಿಮ್ಮ ಮೀಟಿಂಗಿಗೆ ನಾವು ಬಂದಿದ್ದು ಇಪ್ಪತ್ತು ಜನ. ಲೆಕ್ಕ ಸರಿಯಾಗಿಲ್ಲ ಸಾಹೇಬ್ರೆ."

ಲೆಕ್ಕ ಸರಿಯಾಗಿಲ್ಲ ಎಂಬ ಮಾತು ಕೇಳಿ ಜೀವಮಾನದಲ್ಲಿ ಸುಮ್ಮನಿದ್ದ ಮನುಷ್ಯ ಅಲ್ಲ ಅವರು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಸಸಿಯ ಕಟ್ಟು ಹಿಡಿದು ಗದ್ದೆಗಿಳಿದರು. ಮೊದಲ ಹೆಜ್ಜೆಗೇ ಕೂತರು. ಎಬ್ಬಿಸಿ ನಿಲ್ಲಿಸಿದರು. ನೆಡುತ್ತ ಹೋದರು. ಹಿಂತಿರುಗಿ ನೋಡಿದರೆ ಅವರ ಸಾಲು ಶೃಂಗೇರಿಗೆ ಹೊರಟದ್ದು ಕೊಪ್ಪದ ಕಡೆ ತಿರುಗಿತ್ತು. ಗದ್ದೆ ತುಂಬ ನಗು. ಸಾಹೇಬರು ಕೆಸರು ಮೆತ್ತಿದ ಮುಖದಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಯಾವ ಸಭೆಯಲ್ಲೂ ಕಂಡಿರಲಿಲ್ಲ.

ಮುಖ್ಯ ಅಡುಗೆಯವಳು ಬದುವಿನ ಮೇಲೆ ನೋಟ್‌ಬುಕ್ಕು ತೆರೆದು, ಪೆನ್ನು ಹಿಡಿದಳು. ಕೈ ನಡುಗಲಿಲ್ಲ. ಸಾಹೇಬರ ಹೆಸರು ಕೇಳಿ ಬರೆದುಕೊಂಡಳು. ಆಮೇಲೆ ಗಂಭೀರವಾಗಿ ಕೇಳಿದಳು, "ವಯಸ್ಸು?"

"ಐವತ್ತೇಳು," ಎಂದರು ಸಾಹೇಬರು.

ಗದ್ದೆಯೊಳಗಿಂದ ಅಜ್ಜಿ ಕೂಗಿದಳು, "ಅಷ್ಟಕ್ಕೆಲ್ಲ ಗ್ರಾಂಟಿಲ್ಲ ಮಾರಾಯ್ತಿ!"

ಆಕೆ ತಲೆ ಬಗ್ಗಿಸಿ, ನಾಲಗೆ ತುದಿ ಹೊರಗಿಟ್ಟುಕೊಂಡು, ಒಂದೊಂದೇ ಅಕ್ಷರವಾಗಿ ಬರೆದಳು. ಬರೆದು ಮುಗಿಸಿ ನನಗೆ ತೋರಿಸಿದಳು. ಒಂದೂ ತಪ್ಪಿರಲಿಲ್ಲ.

"ವಯಸ್ಸು ಮೂವತ್ತನಾಲ್ಕು. ಇನ್ನೂ ಕಲಿಯುತ್ತಿದ್ದಾರೆ."